ದಡ ಸೇರಿದ ಮೇಲೆ: ದೇವರು ಕಾಪಾಡಿದಾಗ ಸ್ತುತಿ ಸಲ್ಲಿಸುವುದು ಹೇಗೆ?

ಕಾರವಾರದ ಬೈತಖೋಲ ಬಂದರಿನಲ್ಲಿ ಸೆಪ್ಟೆಂಬರ್ 19ರ ಬೆಳಗ್ಗೆ ನನ್ನ ತಮ್ಮ ದೋಣಿಯಿಂದ ಇಳಿದ. ತುಟಿ ಉಪ್ಪಿಗೆ ಬಿರಿದಿತ್ತು. ಹಿಂದಿನ ದಿನ ಮಧ್ಯಾಹ್ನ ದೇವಗಡ ದೀಪಸ್ತಂಭದ ಆಚೆ ಅವರ ದೋಣಿಯ ಇಂಜಿನ್ ಕೆಟ್ಟಿತ್ತು. ದೋಣಿಯಲ್ಲಿ ಮೂವರಿದ್ದರು. ರಾತ್ರಿಯಿಡೀ ಗಾಳಿ ಎಳೆದ ಕಡೆ ಹೋದರು. ನಸುಕಿನಲ್ಲಿ ಬೇರೊಂದು ದೋಣಿಯವರು ಕಂಡು, ಹಗ್ಗ ಕಟ್ಟಿ ಎಳೆದು ತಂದರು.

ಅಮ್ಮ ಅವನನ್ನು ತಬ್ಬಿಕೊಂಡು ಅತ್ತಳು. ಅವನು ಗಂಜಿ ಉಂಡು ಮಲಗಿದ. ಎರಡು ದಿನ ನೆಂಟರು ಬಂದು ಹೋದರು. ಮೂರನೇ ದಿನ ಮನೆಯಲ್ಲಿ ಇಂಜಿನ್ ರಿಪೇರಿಯ ಮಾತು ಶುರುವಾಯಿತು. ದೇವರಿಗೆ ಹೇಳಬೇಕಾದದ್ದನ್ನು ನಮ್ಮಲ್ಲಿ ಯಾರೂ ಸರಿಯಾಗಿ ಹೇಳಿರಲಿಲ್ಲ. ಆ ರಾತ್ರಿ ಅಮ್ಮ ಹೊತ್ತಿದ್ದ ಹರಕೆ ಮೂರು ವರ್ಷ ಹಾಗೇ ಉಳಿಯಿತು.

ಬೇಡುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಭಯ ಬಂದರೆ ತಾನಾಗಿ ಬಾಯಿಗೆ ಬರುತ್ತದೆ. ಸ್ತುತಿ ಹಾಗಲ್ಲ, ಅದನ್ನು ಕಲಿಯಬೇಕಾಗುತ್ತದೆ. ಲೂಕನ ಸುವಾರ್ತೆಯ 17ನೇ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾಗುತ್ತಾರೆ. ಒಬ್ಬ ಮಾತ್ರ ತಿರುಗಿ ಬರುತ್ತಾನೆ, ಅವನೂ ಯೆಹೂದ್ಯರು ಹೊರಗಿನವನೆಂದು ನೋಡುತ್ತಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿ ಕೆಟ್ಟವರು ಅಂತ ಅಲ್ಲಿ ಎಲ್ಲೂ ಬರೆದಿಲ್ಲ. ಯೇಸು ಹೇಳಿದಂತೆಯೇ ಯಾಜಕರ ಕಡೆ ನಡೆದವರು ಅವರು. ತಿರುಗಿ ಬರುವುದನ್ನು ಮರೆತರು ಅಷ್ಟೆ. ನಮ್ಮ ಮನೆಯಲ್ಲೂ ಆದದ್ದು ಅದೇ.

ಆಮೇಲಿನ ವರ್ಷಗಳಲ್ಲಿ ಚರ್ಚಿನ ಗುರುಗಳನ್ನು ಕೇಳಿ, ಬೈಬಲ್ ಓದಿ, ತಪ್ಪು ಮಾಡಿ ನಾನು ತಿಳಿದುಕೊಂಡದ್ದನ್ನು ಇಲ್ಲಿ ಹೇಳುತ್ತಿದ್ದೇನೆ. ನಾನು ಕಥೋಲಿಕ. ನೀವು ಬೇರೆ ಸಭೆಯವರಾದರೂ ಇದರಲ್ಲಿ ಬಹುಪಾಲು ನಿಮಗೂ ಹೊಂದುತ್ತದೆ. ಅಪಾಯ ಸಮುದ್ರದ್ದೇ ಆಗಬೇಕೆಂದಿಲ್ಲ. ಆಪರೇಷನ್, ಅಪಘಾತ, ಸಾಲ, ಕುಡಿತದ ಚಟ, ಕೋರ್ಟಿನ ಅಲೆದಾಟ, ಯಾವುದೂ ಆಗಬಹುದು.

ಅದೇ ದಿನ, ಕೂಗಿದ ಭಾಷೆಯಲ್ಲೇ

ಮೊದಲ ಪ್ರಾರ್ಥನೆಯನ್ನು ಮುಂದಕ್ಕೆ ಹಾಕಬೇಡಿ. ಭಾನುವಾರ ಬರಲಿ, ಸ್ನಾನ ಆಗಲಿ, ಮನಸ್ಸು ಶಾಂತವಾಗಲಿ ಅಂತ ಕಾಯಬೇಡಿ. ಆಸ್ಪತ್ರೆಯ ಕಾರಿಡಾರಿನಲ್ಲೋ, ಬಂದರಿನಲ್ಲಿ ದೋಣಿ ನಿಲ್ಲುವ ಧಕ್ಕೆಯ ಮೇಲೋ ನಿಂತಲ್ಲೇ ಹೇಳಿ. ಮೂರು ಮಾತು ಸಾಕು. ಏನಾಗುತ್ತಿತ್ತು, ನೀನು ಏನು ಮಾಡಿದೆ, ನಿನಗೆ ಸ್ತೋತ್ರ. ಶಿಲುಬೆಯ ಗುರುತು ಹಾಕಿಕೊಳ್ಳಿ. ಮಂಡಿಯೂರಲು ಆದರೆ ಊರಿ.

ಭಾಷೆಯ ಬಗ್ಗೆ ಒಂದು ಮಾತು. 1976ರಲ್ಲಿ ಆದ ಕಾರವಾರ ಧರ್ಮಪ್ರಾಂತ್ಯದಲ್ಲಿ ಕರಾವಳಿಯೂ ಇದೆ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರವೂ ಇವೆ. ಕೆಳಗೆ ಹೆಚ್ಚಿನ ಕ್ರೈಸ್ತ ಮನೆಗಳ ಮಾತು ಕೊಂಕಣಿ. ಶಾಲೆ, ಪೇಟೆ, ಕಚೇರಿಯ ಮಾತು ಕನ್ನಡ. ಹೀಗಾಗಿ ಎಷ್ಟೋ ಜನರಿಗೆ ಪ್ರಾರ್ಥನೆಗೆ ಒಂದು ಭಾಷೆ, ಬದುಕಿಗೆ ಇನ್ನೊಂದು. ಕಷ್ಟದಲ್ಲಿ ಯಾವ ಭಾಷೆಯಲ್ಲಿ ಕೂಗಿದಿರೋ ಅದೇ ಭಾಷೆಯಲ್ಲಿ ಧನ್ಯವಾದ ಹೇಳಿ. ಪುಸ್ತಕದ ಮಾತು ಬೇಕಾಗಿಲ್ಲ.

ಏನೂ ಅನ್ನಿಸದೆಯೂ ಇರಬಹುದು. ಕೈಕಾಲು ನಡುಗುತ್ತದೆ, ತಲೆ ಖಾಲಿ, ಖುಷಿಯೂ ಇಲ್ಲ. ನನ್ನ ತಮ್ಮನಿಗೆ ಹಾಗೇ ಆಗಿತ್ತು. ನನಗೆ ನಂಬಿಕೆಯೇ ಇಲ್ಲವೇನೋ ಅಂತ ಒಂದು ವಾರ ಕೊರಗಿದ. ದೇಹ ಇನ್ನೂ ಹೆದರಿಕೆಯಲ್ಲೇ ಇರುತ್ತದೆ, ಅದಕ್ಕೆ ಸಮಯ ಕೊಡಿ. ಮಾತು ಹೇಳಿಬಿಡಿ, ಭಾವನೆ ತಡವಾಗಿ ಬಂದರೂ ತೊಂದರೆಯಿಲ್ಲ.

ಆದದ್ದನ್ನು ಬರೆದಿಡಿ

ಒಂದು ವಾರದೊಳಗೆ ಒಂದು ನೋಟ್‌ಬುಕ್ ತೆಗೆದುಕೊಂಡು ಕೂತುಕೊಳ್ಳಿ. ತಾರೀಕು, ಹೊತ್ತು, ಜಾಗ, ಯಾರಿದ್ದರು, ಯಾರು ಸಹಾಯ ಮಾಡಿದರು, ನೀವು ದೇವರಿಗೆ ಏನಂದಿರಿ, ಎಲ್ಲವನ್ನೂ ಬರೆಯಿರಿ. ಮುಖ್ಯವಾಗಿ ಏನಾದರೂ ಮಾತು ಕೊಟ್ಟಿದ್ದರೆ ಅದನ್ನು ಕೊಟ್ಟ ಹಾಗೆಯೇ ಬರೆಯಿರಿ. ಆರು ತಿಂಗಳಾದ ಮೇಲೆ ಹರಕೆ ನೆನಪಿನಲ್ಲಿ ಸಣ್ಣದಾಗುತ್ತದೆ, ಕಷ್ಟ ದೊಡ್ಡದಾಗುತ್ತದೆ.

ಬರೆಯುವ ಮೊದಲು ಬೈಬಲಿನ 107ನೇ ಕೀರ್ತನೆಯನ್ನು ನಿಧಾನವಾಗಿ ಓದಿ. ಇದಕ್ಕಿಂತ ಒಳ್ಳೆಯ ಗುರು ಸಿಗುವುದಿಲ್ಲ. ಅದರಲ್ಲಿ ನಾಲ್ಕು ಗುಂಪಿನ ಜನ ಬರುತ್ತಾರೆ. ಅರಣ್ಯದಲ್ಲಿ ದಾರಿ ತಪ್ಪಿ ಹಸಿದವರು. ಕತ್ತಲ ಸೆರೆಯಲ್ಲಿ ಬೇಡಿ ತೊಟ್ಟವರು. ಕಾಯಿಲೆಯಿಂದ ಅನ್ನ ಸೇರದೆ ಸಾವಿನ ಬಾಗಿಲಿಗೆ ಹೋದವರು. ಕೊನೆಗೆ, ಹಡಗು ಹತ್ತಿ ಸಮುದ್ರಕ್ಕೆ ಹೋದವರು. ಅಲೆ ಏರಿದಾಗ ಅವರು ಕುಡಿದವರಂತೆ ತೂರಾಡುತ್ತಾರೆ, ಅವರ ಜಾಣತನವೆಲ್ಲ ಮುಗಿದುಹೋಗುತ್ತದೆ. ಆಗಸ್ಟಿನ ಸಮುದ್ರ ಕಂಡವರಿಗೆ ಆ ಸಾಲುಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕೂ ಗುಂಪಿನವರು ಕೂಗುತ್ತಾರೆ, ದೇವರು ಬಿಡಿಸುತ್ತಾನೆ. ಆಮೇಲೆ ನಾಲ್ಕು ಸಲವೂ ಒಂದೇ ಪಲ್ಲವಿ ಬರುತ್ತದೆ: ಆತನ ಕೃಪೆಗಾಗಿ ಇವರು ಆತನನ್ನು ಕೊಂಡಾಡಲಿ.

ನೀವು ಯಾವ ಗುಂಪಿನವರು ಅಂತ ಗುರುತಿಸಿ. ಕೊಳೆರೋಗಕ್ಕೆ ಅಡಿಕೆ ತೋಟ ಹೋಗಿ ಸಾಲದಲ್ಲಿ ಮುಳುಗಿ ಎದ್ದ ಶಿರಸಿ ಕಡೆಯ ಪರಿಚಯದವರೊಬ್ಬರು ತಮ್ಮನ್ನು ಎರಡನೇ ಗುಂಪಿಗೆ ಸೇರಿಸಿಕೊಂಡರು. ಬೇಡಿ ಬಿಚ್ಚಿದ ಹಾಗಿತ್ತು ಅಂದರು. ಎರಡು ಗುಂಪಿಗೆ ಸೇರಿದವರೂ ಇರುತ್ತಾರೆ.

ಬರೆಯುವಾಗ ಹೆಚ್ಚು ಮಾಡಿ ಬರೆಯಬೇಡಿ. ಅಲೆ ಆರು ಅಡಿ ಇದ್ದರೆ ಆರು ಅಡಿ ಅಂತಲೇ ಬರೆಯಿರಿ. ಡಾಕ್ಟರು ‘ಕಷ್ಟ’ ಅಂದಿದ್ದರೆ ‘ಕೈಬಿಟ್ಟಿದ್ದರು’ ಅಂತ ಬರೆಯಬೇಡಿ. ದೇವರ ಕೆಲಸಕ್ಕೆ ನಮ್ಮ ಬಣ್ಣ ಬೇಕಾಗಿಲ್ಲ.

ಹಗ್ಗ ಎಸೆದವರ ಮನೆಗೆ ಹೋಗಿ

ಇಗರ್ಜಿಗೆ, ಅಂದರೆ ಚರ್ಚಿಗೆ, ಹೋಗುವ ಮೊದಲೇ ಈ ಕೆಲಸ ಮಾಡಿ ಅಂತ ನಾನು ಹೇಳುತ್ತೇನೆ. ಕೆಲವರು ಒಪ್ಪಲಿಕ್ಕಿಲ್ಲ. ಆದರೆ ದೇವರು ಕಾಪಾಡಿದ್ದು ಯಾರದೋ ಕೈಯಿಂದ ಅಲ್ವಾ? 2024ರ ಆಗಸ್ಟ್ 7ರಂದು, ನಡುರಾತ್ರಿ ಕಳೆದ ಮೇಲೆ, ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ಹೊಳೆಗೆ ಬಿತ್ತು. ಅದರ ಚಾಲಕನನ್ನು ಕತ್ತಲಲ್ಲೇ ನೀರಿನಿಂದ ಮೇಲೆತ್ತಿದರು. ಕರೆ ಬಂದ ಕೂಡಲೇ ಹಾಸಿಗೆ ಬಿಟ್ಟು ಓಡುವ ಇಂಥ ಜನರ ಮೂಲಕವೇ ಪ್ರಾರ್ಥನೆಗೆ ಉತ್ತರ ಬರುತ್ತದೆ.

ನಮ್ಮವನನ್ನು ಎಳೆದು ತಂದ ದೋಣಿಯನ್ನು ನಡೆಸುವ ತಾಂಡೇಲರು ಹಿಂದೂಗಳು. ನಾವು ಹೋದಾಗ ಅವರು ಆಗಲೇ ತಮ್ಮ ದೇವಸ್ಥಾನದಲ್ಲಿ ಮೂರು ಹುಡುಗರ ಹೆಸರಿನಲ್ಲಿ ಕಾಯಿ ಒಡೆಸಿ ಬಂದಿದ್ದರು. ಅವರ ಒಂದು ದಿನದ ಮೀನು ಹೋಗಿತ್ತು, ಡೀಸೆಲ್ ಸುಟ್ಟಿತ್ತು. ದುಡ್ಡು ಕೊಡಲು ಹೋದರೆ ಮುಟ್ಟಲಿಲ್ಲ. ‘ನಾಳೆ ನನ್ನ ಇಂಜಿನ್ ನಿಲ್ಲಬಹುದು ಮಾರಾಯ’ ಅಂದರು. ತಮ್ಮ ಎರಡು ದಿನ ಅವರ ಅಂಗಳದಲ್ಲಿ ಕೂತು ಅವರ ಬಲೆ ಸರಿ ಮಾಡಿಕೊಟ್ಟ. ಅದನ್ನು ಅವರು ತಡೆಯಲಿಲ್ಲ.

ಕೊಂಕಣಿ ಕ್ರೈಸ್ತರು ಧನ್ಯವಾದಕ್ಕೆ ‘ದೇವ್ ಬರೆಂ ಕರುಂ’ ಅನ್ನುತ್ತಾರೆ. ದೇವರು ನಿನಗೆ ಒಳ್ಳೆಯದು ಮಾಡಲಿ ಅಂತ ಅರ್ಥ. ಮನುಷ್ಯನಿಗೆ ಹೇಳುವ ಮಾತಿನೊಳಗೇ ದೇವರ ಹೆಸರಿದೆ. ಅದನ್ನು ಎದುರಿಗೆ ನಿಂತು, ಕೈ ಹಿಡಿದು ಹೇಳಿ. ಆಸ್ಪತ್ರೆಯಾದರೆ ಡಾಕ್ಟರಿಗೆ ಮಾತ್ರ ಹೇಳಿ ಬರಬೇಡಿ. ರಾತ್ರಿ ಪಾಳಿಯ ನರ್ಸ್, ಸ್ಟ್ರೆಚರ್ ತಳ್ಳಿದವರು, ವಾರ್ಡ್ ಗುಡಿಸಿದವರು ಎಲ್ಲರೂ ನೆನಪಿರಲಿ. ನಿಮಗಾಗಿ ಯಾರೋ ರಕ್ತ ಕೊಟ್ಟಿದ್ದರೆ, ಚೇತರಿಸಿಕೊಂಡ ಮೇಲೆ ನೀವು ರಕ್ತ ಕೊಡಬಹುದಾ ಅಂತ ಡಾಕ್ಟರನ್ನು ಕೇಳಿ. ನಿಮಗೆ ಆಗದಿದ್ದರೆ ಮನೆಯ ಇನ್ನೊಬ್ಬರು ಕೊಡಲಿ.

ನಿಮ್ಮದೇ ಒಂದು ಕೀರ್ತನೆ

ಕೆಂಪು ಸಮುದ್ರ ದಾಟಿದ ಕೂಡಲೇ ಮೋಶೆಯೂ ಇಸ್ರೇಲರೂ ಹಾಡಿದರು. ಮಿರ್ಯಾಮಳು ದಮ್ಮಡಿ ಎತ್ತಿಕೊಂಡಳು, ಹೆಂಗಸರೆಲ್ಲ ಕುಣಿಯುತ್ತಾ ಹಿಂದೆ ಹೋದರು. ವಿಮೋಚನಕಾಂಡ 15ರಲ್ಲಿ ಇದೆ. ಯೋನನು ಇನ್ನೂ ಮೀನಿನ ಹೊಟ್ಟೆಯಲ್ಲೇ ಇದ್ದಾಗ, ಸಮುದ್ರದ ಜೊಂಡು ತಲೆಗೆ ಸುತ್ತಿಕೊಂಡದ್ದನ್ನು ಹೇಳಿಕೊಂಡು ಸ್ತುತಿ ಮಾಡಿದ. ಬಿಡುಗಡೆಯಾದವರು ಹಾಡು ಕಟ್ಟುವುದು ಬೈಬಲಿನಲ್ಲಿ ಹೊಸದೇನಲ್ಲ. ನೀವೂ ಕಟ್ಟಬಹುದು.

ಕೃತಜ್ಞತೆಯ ಕೀರ್ತನೆಗಳಿಗೆ ಒಂದು ಕಟ್ಟು ಇದೆ. 30, 40, 116ನೇ ಕೀರ್ತನೆಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ಕಾಣುತ್ತದೆ. ಮೊದಲಿಗೆ ‘ನಿನ್ನನ್ನು ಹೊಗಳುತ್ತೇನೆ’ ಎಂಬ ಮಾತು. ಆಮೇಲೆ ಆಪತ್ತಿನ ನೆನಪು, ತಾನು ಕೂಗಿದ್ದು, ದೇವರು ಎತ್ತಿದ್ದು. ಮುಂದೆ ಸುತ್ತಲಿನವರನ್ನೂ ಸ್ತುತಿಗೆ ಕರೆಯುವುದು, ಇನ್ನು ಮೇಲೆ ಏನು ಮಾಡುತ್ತೇನೆ ಎನ್ನುವುದು. ಎಲ್ಲದರಲ್ಲೂ ಇದೇ ಕ್ರಮ ಇರುವುದಿಲ್ಲ, ಆದರೆ ಎಲುಬುಗಳು ಇವೇ. ನನ್ನ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಅವನ ಒಪ್ಪಿಗೆ ಪಡೆದು ಕೊಡುತ್ತಿದ್ದೇನೆ:

ಪ್ರಭುವೇ, ನಿನ್ನ ಹೆಸರು ಹೇಳುತ್ತೇನೆ, ಇವತ್ತು ನನಗೆ ಬಾಯಿ ಇದೆ.
ಮಧ್ಯಾಹ್ನ ಮೂರಕ್ಕೆ ಇಂಜಿನ್ ನಿಂತಿತು. ಲಂಗರು ನೆಲ ಹಿಡಿಯಲಿಲ್ಲ.
ದಡದ ದೀಪಗಳು ಒಂದೊಂದೇ ಮರೆಯಾದವು. ಕ್ಯಾನಿನ ನೀರು ಮುಗಿಯಿತು.
ನಾನು ನಿನ್ನನ್ನು ಕೂಗಿದೆ. ಅದಕ್ಕೆ ಮೊದಲು ಎಷ್ಟೋ ತಿಂಗಳು ಕೂಗಿರಲಿಲ್ಲ.
ಅದನ್ನು ನೀನು ಎತ್ತಿ ಆಡಲಿಲ್ಲ.
ಬೆಳಕು ಹರಿಯುವಾಗ ದೋಣಿ ಬಂತು. ಅವರು ತಮ್ಮ ಬಲೆ ಬಿಟ್ಟು ನಮಗೆ ಹಗ್ಗ ಎಸೆದರು.
ಕೇಳಿರಿ, ಧಕ್ಕೆಯ ಮೇಲಿರುವವರೇ, ನನ್ನ ಜೊತೆ ಆತನನ್ನು ಹೊಗಳಿರಿ.
ಹೋಗುವಾಗಲೂ ನಿನ್ನ ಹೆಸರು ಹೇಳುತ್ತೇನೆ, ಬರುವಾಗಲೂ ಹೇಳುತ್ತೇನೆ.

ಎಂಟು ಸಾಲು. ಪ್ರಾಸ ಇಲ್ಲ, ರಾಗ ಇಲ್ಲ. ‘ಅದನ್ನು ನೀನು ಎತ್ತಿ ಆಡಲಿಲ್ಲ’ ಎಂಬ ಸಾಲು ಓದಿದಾಗ ನನಗೆ ಇವತ್ತಿಗೂ ಕಣ್ಣು ತುಂಬುತ್ತದೆ. ಅದು ಅವನದೇ ಸಾಲು. ನಿಮ್ಮ ಕೀರ್ತನೆಯಲ್ಲೂ ನಿಮಗೆ ಮಾತ್ರ ಗೊತ್ತಿರುವ ಒಂದು ಸಾಲು ಇರಲಿ.

ಹಾಡಲು ಬರುವವರು ಹಾಡಿ. ತಾಳ, ತಬಲಾ, ಗಿಟಾರ್, ಮನೆಯಲ್ಲಿ ಏನಿದೆಯೋ ಅದು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ಬಾರಿಸಿ ಕುಣಿಯುವ ಡಮಾಮಿ ಕೇಳಿದವರಿಗೆ ಕೀರ್ತನೆ 150ರಲ್ಲಿ ದಮ್ಮಡಿ, ಕುಣಿತ, ಝಲ್ಲರಿ ಯಾಕೆ ಬರುತ್ತವೆ ಅಂತ ತಿಳಿಯುತ್ತದೆ. ದೇಹವೂ ಬದುಕಿ ಬಂದದ್ದಲ್ವಾ, ಸ್ತುತಿಯಲ್ಲಿ ಅದೂ ಸೇರಲಿ.

ಜನರ ಮುಂದೆ

116ನೇ ಕೀರ್ತನೆಯಲ್ಲಿ ಒಂದು ಪ್ರಶ್ನೆ ಇದೆ. ದೇವರು ಮಾಡಿದ ಎಲ್ಲ ಉಪಕಾರಕ್ಕೆ ನಾನೇನು ಕೊಡಲಿ? ಉತ್ತರವೂ ಅಲ್ಲೇ ಇದೆ. ರಕ್ಷಣೆಯ ಪಾತ್ರೆಯನ್ನು ಎತ್ತುತ್ತೇನೆ, ಆತನ ಹೆಸರು ಹೇಳುತ್ತೇನೆ, ನನ್ನ ಹರಕೆಗಳನ್ನು ಆತನ ಜನರೆಲ್ಲರ ಮುಂದೆ ಸಲ್ಲಿಸುತ್ತೇನೆ. ‘ಜನರೆಲ್ಲರ ಮುಂದೆ’ ಎಂಬ ಮಾತು ಆ ಕೀರ್ತನೆಯಲ್ಲಿ ಎರಡು ಸಲ ಬರುತ್ತದೆ. ಬಿಡುಗಡೆಯ ಹಬ್ಬವಾದ ಪಸ್ಕದ ಊಟದಲ್ಲಿ ಯೆಹೂದ್ಯರು ಹಾಡುವ 113ರಿಂದ 118ರ ಕೀರ್ತನೆಗಳಲ್ಲಿ ಇದೂ ಒಂದು. ಕೊನೆಯ ರಾತ್ರಿ ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಸಲ್ಲಿಸಿದರು. ಇಗರ್ಜಿಯಲ್ಲಿ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಬಲಿಪೂಜೆಗೆ ಗ್ರೀಕ್ ಭಾಷೆಯಿಂದ ಬಂದ ಹೆಸರು ಯೂಕರಿಸ್ತ್. ಅದರ ಅರ್ಥವೇ ಕೃತಜ್ಞತೆ ಸಲ್ಲಿಸುವುದು. ಹಾಗಾಗಿ ಕಥೋಲಿಕರಿಗೆ ಇದಕ್ಕಿಂತ ದೊಡ್ಡ ಧನ್ಯವಾದ ಇಲ್ಲ.

ಮಾಡುವುದು ಹೇಗೆ? ಬೆಳಗಿನ ಪೂಜೆ ಮುಗಿದ ಮೇಲೆ ಇಗರ್ಜಿಯ ಕಚೇರಿಗೆ ಹೋಗಿ. ಕೃತಜ್ಞತಾ ಪೂಜೆ ಬೇಕೆಂದು ಹೇಳಿ ತಾರೀಕು ಬರೆಸಿ. ಹಬ್ಬದ ದಿನಗಳು ಬೇಗ ತುಂಬುತ್ತವೆ, ವಾರದ ದಿನ ಸುಲಭವಾಗಿ ಸಿಗುತ್ತದೆ. ಕಾಣಿಕೆ ಕೊಡುವ ರೂಢಿ ಇದೆ. ಕೈಯಲ್ಲಿ ದುಡ್ಡಿಲ್ಲ ಅಂತ ಹಿಂಜರಿಯಬೇಡಿ. ಕಾಣಿಕೆ ಇಲ್ಲದಿದ್ದರೂ ಬಡವರ ಕೋರಿಕೆಗಾಗಿ ಪೂಜೆ ಅರ್ಪಿಸುವಂತೆ ಸಭೆಯ ಕಾನೂನೇ ಗುರುಗಳನ್ನು ಬಲವಾಗಿ ಕೇಳಿಕೊಳ್ಳುತ್ತದೆ. ಬಹಳ ದಿನದಿಂದ ಪಾಪನಿವೇದನೆ ಮಾಡಿಲ್ಲವಾದರೆ ಮೊದಲು ಅದನ್ನು ಮಾಡಿ. ಪೂಜೆಯ ದಿನ ಮನೆಯವರೆಲ್ಲ ಬರಲಿ. ಗುರುಗಳು ಒಪ್ಪಿದರೆ ವಾಚನ ಓದಿ, ಅಥವಾ ಕಾಣಿಕೆ ಒಪ್ಪಿಸುವಾಗ ರೊಟ್ಟಿ ದ್ರಾಕ್ಷಾರಸವನ್ನು ಹೊತ್ತು ತನ್ನಿ.

ಸಾಕ್ಷಿ ಹೇಳುವ ಪದ್ಧತಿ ಇರುವ ಸಭೆಗಳಲ್ಲಿ ಪಾಸ್ಟರಿಗೆ ಮೊದಲೇ ತಿಳಿಸಿ. ಐದು ನಿಮಿಷದೊಳಗೆ ಮುಗಿಸಿ. ಬರೆದುಕೊಂಡು ಹೋಗಿ, ಯಾಕೆಂದರೆ ಮೈಕ್ ಹಿಡಿದಾಗ ಮಾತು ಬೆಳೆಯುತ್ತದೆ. ಎರಡು ವಿಷಯದಲ್ಲಿ ತುಂಬಾ ಜಾಗ್ರತೆ ಬೇಕು. ಇನ್ನೊಬ್ಬರ ಕಾಯಿಲೆಯನ್ನೋ ಮನೆಯ ಗುಟ್ಟನ್ನೋ ಅವರನ್ನು ಕೇಳದೆ ಹೇಳಬೇಡಿ. ಮದ್ದು ಬಿಟ್ಟೆ, ದೇವರು ವಾಸಿ ಮಾಡಿದ ಅಂತ ಯಾರೂ ನಿಮ್ಮನ್ನು ನೋಡಿ ಔಷಧ ನಿಲ್ಲಿಸುವ ಹಾಗೆ ಮಾತಾಡಬೇಡಿ. ಅದರಿಂದ ಜೀವ ಹೋಗಬಹುದು.

ಜನರ ಮುಂದೆ ಮಾತಾಡಲು ನಾಚಿಕೆ ಇರುವವರಿಗೆ ಮಾರ್ಕ 5ರ ಮನುಷ್ಯನಿದ್ದಾನೆ. ದೆವ್ವಗಳಿಂದ ಬಿಡುಗಡೆಯಾದ ಅವನು ಯೇಸುವಿನ ಜೊತೆಗೇ ಬರುತ್ತೇನೆ ಅಂದ. ಯೇಸು ಅವನನ್ನು ಮನೆಗೆ ಕಳಿಸಿದರು. ನಿನ್ನ ಜನರ ಹತ್ತಿರ ಹೋಗಿ ಪ್ರಭು ನಿನಗೆ ಮಾಡಿದ್ದನ್ನು ಹೇಳು ಅಂದರು. ಅಡುಗೆಮನೆಯಲ್ಲಿ ಮಕ್ಕಳಿಗೆ ಹೇಳಿದರೂ ಆ ಮಾತು ಪಾಲಿಸಿದಂತೆಯೇ.

ಹರಕೆ ಹೊತ್ತಿದ್ದರೆ

ನಮ್ಮ ಮನೆ ಎಡವಿದ್ದು ಇಲ್ಲಿ. ಹೊನ್ನಾವರ ತಾಲ್ಲೂಕಿನ ಚಂದಾವರದಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಇಗರ್ಜಿ ಇದೆ. ಡಿಸೆಂಬರ್ 3 ಅವರ ಹಬ್ಬ. ಎಲ್ಲ ಜಾತಿ, ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಆ ರಾತ್ರಿ ಅಮ್ಮ, ಮಗ ಬದುಕಿ ಬಂದರೆ ಕುಮಟಾದಿಂದ ಚಂದಾವರಕ್ಕೆ ಬರಿಗಾಲಲ್ಲಿ ನಡೆಯುತ್ತೇನೆ ಅಂದಿದ್ದಳು. ಮೊದಲ ವರ್ಷ ಅಕ್ಕನ ಬಾಣಂತನ. ಎರಡನೇ ವರ್ಷ ಮೊಣಕಾಲು ಊದಿಕೊಂಡಿತು. ಮೂರನೇ ವರ್ಷಕ್ಕೆ ಅವಳಿಗೆ ರಾತ್ರಿ ನಿದ್ದೆ ಬರುವುದು ನಿಂತಿತು. ಹರಕೆ ತೀರಿಸದಿದ್ದರೆ ದೇವರು ಮಗನನ್ನು ಮತ್ತೆ ಎಳೆದುಕೊಳ್ಳುತ್ತಾನೆ ಎಂಬ ಹೆದರಿಕೆ.

ಕೊನೆಗೆ ಗುರುಗಳ ಹತ್ತಿರ ಕರೆದುಕೊಂಡು ಹೋದೆ. ಅವರು ತಾಳ್ಮೆಯಿಂದ ಹೇಳಿದ್ದನ್ನು ಎಲ್ಲರೂ ತಿಳಿದಿರಬೇಕು. ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯಲ್ಲಿ 1191ರಿಂದ 1198ರವರೆಗಿನ ನಿಯಮಗಳಲ್ಲಿ ಹರಕೆಯ ವಿಷಯವೇ ಇದೆ. ಹರಕೆ ಅಂದರೆ ಸಾಧ್ಯವಾದ, ಒಳ್ಳೆಯದಾದ ಒಂದು ಕೆಲಸದ ಬಗ್ಗೆ ತಿಳಿದು, ಮನಸಾರೆ ದೇವರಿಗೆ ಕೊಟ್ಟ ಮಾತು. ಅದು ಹೊತ್ತವರನ್ನು ಮಾತ್ರ ಕಟ್ಟುತ್ತದೆ. ಅಮ್ಮ ಹೊತ್ತರೆ ಮಗ ಕಟ್ಟುಬಿದ್ದವನಲ್ಲ. ಪರಿಸ್ಥಿತಿ ಪೂರ್ತಿ ಬದಲಾದರೆ ಹರಕೆ ಬಿದ್ದುಹೋಗಬಹುದು. ಖಾಸಗಿ ಹರಕೆಯನ್ನು ಅದಕ್ಕೆ ಸಮವಾದ ಅಥವಾ ಅದಕ್ಕಿಂತ ಒಳ್ಳೆಯ ಕೆಲಸಕ್ಕೆ ಹೊತ್ತವರೇ ಬದಲಿಸಿಕೊಳ್ಳಬಹುದು. ತಕ್ಕ ಕಾರಣವಿದ್ದರೆ ಧರ್ಮಕೇಂದ್ರದ ಗುರುಗಳು ಅದರಿಂದ ಬಿಡುಗಡೆಯನ್ನೂ ಕೊಡಬಹುದು.

ಅಮ್ಮ ಬದಲಿಸಿಕೊಂಡಳು. ನಮ್ಮ ಓಣಿಯಲ್ಲಿ ಒಬ್ಬಂಟಿ ಅಜ್ಜಿ ಇದ್ದರು. ತಿಂಗಳಿಗೆ ಹತ್ತು ಕಿಲೋ ಅಕ್ಕಿ ಅವರ ಮನೆಗೆ. ಅವರು ತೀರಿಕೊಳ್ಳುವವರೆಗೂ ಒಂದು ತಿಂಗಳೂ ತಪ್ಪಲಿಲ್ಲ. ಬರಿಗಾಲ ನಡಿಗೆ ಒಂದೇ ದಿನದಲ್ಲಿ ಮುಗಿಯುತ್ತಿತ್ತು.

ಹೊಸದಾಗಿ ಹರಕೆ ಹೊರುವವರಿಗೆ ನನ್ನ ಮಾತು: ಸಣ್ಣದು ಹೊರಿ, ಬೇಗ ತೀರಿಸಿ. ಹರಕೆ ಹೊತ್ತು ತೀರಿಸದಿರುವುದಕ್ಕಿಂತ ಹೊರದಿರುವುದೇ ಮೇಲು ಅಂತ ಪ್ರಸಂಗಿ 5 ಸ್ಪಷ್ಟವಾಗಿ ಹೇಳುತ್ತದೆ. ಇನ್ನೊಬ್ಬರ ಮೇಲೆ ಭಾರ ಹಾಕುವ ಹರಕೆ ಬೇಡ. ನ್ಯಾಯಸ್ಥಾಪಕರ ಗ್ರಂಥದಲ್ಲಿ ಯೆಫ್ತಾಹನು ಆತುರದಲ್ಲಿ ಆಡಿದ ಮಾತಿನ ಬೆಲೆಯನ್ನು ಅವನ ಮಗಳು ತೆರಬೇಕಾಯಿತು. ದೇವರು ಸಾಲ ವಸೂಲಿಗೆ ಬರುವವನಲ್ಲ. ಹೆದರಿಕೆಯಿಂದ ತೀರಿಸಬೇಡಿ. ಕೊಟ್ಟ ಮಾತು ಅಂತ ಪ್ರೀತಿಯಿಂದ ತೀರಿಸಿ.

ಅದೇ ದಿನ ಉಣ್ಣಬೇಕಾದ ಊಟ

ಯಾಜಕಕಾಂಡ 7ರಲ್ಲಿ ಕೃತಜ್ಞತೆಯ ಬಲಿಗೆ ಒಂದು ನಿಯಮ ಇದೆ. ಅದರ ಮಾಂಸವನ್ನು ಅರ್ಪಿಸಿದ ದಿನವೇ ಉಣ್ಣಬೇಕು, ಬೆಳಗಿನವರೆಗೆ ಉಳಿಸಬಾರದು. ಜೊತೆಗೆ ರಾಶಿ ರೊಟ್ಟಿ, ಹುಳಿ ಹಾಕಿದ್ದೂ ಹಾಕದ್ದೂ. ಯೋಚಿಸಿ ನೋಡಿ. ಒಂದು ಕುಟುಂಬ ಒಂದೇ ದಿನದಲ್ಲಿ ಅಷ್ಟನ್ನು ತಿಂದು ಮುಗಿಸಲು ಆಗುತ್ತದಾ? ನೆರೆಯವರನ್ನು ಕರೆಯಲೇಬೇಕು. ಕರೆದ ಮೇಲೆ ಯಾಕೆ ಕರೆದೆವು ಅಂತ ಹೇಳಲೇಬೇಕು. ಈ ನಿಯಮ ಇಷ್ಟು ಕೆಲಸ ಮಾಡುತ್ತದೆ ಅಂತ ಹೊಳೆದ ದಿನ ನನಗೆ ಆ ಒಣ ಅಧ್ಯಾಯದ ಮೇಲೆ ಪ್ರೀತಿ ಹುಟ್ಟಿತು.

ಹಾಗಾಗಿ ಪೂಜೆಯ ದಿನವೇ ಊಟ ಇಡಿ. ದೊಡ್ಡ ಸಮಾರಂಭ ಬೇಡ, ಶಾಮಿಯಾನ ಬೇಡ. ಅನ್ನ, ಬಂಗಡೆ ಸಾರು, ಒಂದು ಪಾಯಸ ಸಾಕು. ಇಡ್ಲಿಯಂಥ ಸನ್ನಾ ಮಾಡಿದರೆ ಇನ್ನೂ ಚೆಂದ. ಮೀನು ತಿನ್ನದ ನೆರೆಯವರಿಗೆ ಬೇರೆ ಪಾತ್ರೆಯಲ್ಲಿ ಮಾಡಿ. ಕರೆಯುವವರ ಪಟ್ಟಿಯಲ್ಲಿ ಮೊದಲು ಸಹಾಯ ಮಾಡಿದವರು, ಆಮೇಲೆ ಒಬ್ಬಂಟಿಯಾಗಿ ಉಣ್ಣುವವರು, ಕೊನೆಗೆ ನೆಂಟರು. ಊಟಕ್ಕೆ ಮೊದಲು ಬದುಕಿ ಬಂದವರೇ ಎರಡು ಮಾತು ಹೇಳಲಿ. ಸಾಲ ಮಾಡಿ ಊಟ ಹಾಕಬೇಡಿ. ಚಹಾ, ಅವಲಕ್ಕಿ ಆದರೂ ನಡೆಯುತ್ತದೆ.

ಸೆಪ್ಟೆಂಬರ್ 8ರ ಮಾತೆ ಮರಿಯಳ ಜನನದ ಹಬ್ಬಕ್ಕೆ ಹೊಸ ತೆನೆಯನ್ನು ಇಗರ್ಜಿಗೆ ತಂದು, ಮನೆಗೆ ಒಯ್ದು, ಎಲ್ಲರೂ ಕೂತು ಉಣ್ಣುವುದು ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಗೊತ್ತಿರುವುದೇ. ಕೃತಜ್ಞತೆಯ ಊಟ ನಮಗೆ ಹೊಸದಲ್ಲ.

ಪಕ್ಕದ ಮನೆಯವರು ಉಳಿಯದಿದ್ದಾಗ

ಇದನ್ನು ಬರೆಯಲು ಕಷ್ಟವಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ವಾಹನಗಳು, ಜನ ಮಣ್ಣಿನಡಿ ಹೋದರು, ಗಂಗಾವಳಿ ನದಿಗೆ ಬಿದ್ದರು. ನನಗೆ ಗೊತ್ತಿರುವ ಒಬ್ಬರು ಅದೇ ದಿನ ಬೆಳಗ್ಗೆ, ಸ್ವಲ್ಪ ಮೊದಲು, ಆ ಜಾಗ ದಾಟಿ ಬಂದಿದ್ದರು. ‘ದೇವರು ನನ್ನನ್ನು ಉಳಿಸಿದ ಅಂತ ಹೇಗೆ ಹೇಳಲಿ? ಹಾಗಾದರೆ ಅವರನ್ನು?’ ಅಂತ ಕೇಳಿದರು.

ಲೂಕ 13ರಲ್ಲಿ ಇಂಥದೇ ಸುದ್ದಿ ಬರುತ್ತದೆ. ಸಿಲೋವಾಮಿನಲ್ಲಿ ಗೋಪುರ ಬಿದ್ದು 18 ಮಂದಿ ಸತ್ತಿದ್ದರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳು ಅಂದುಕೊಂಡಿರಾ ಅಂತ ಯೇಸು ಕೇಳುತ್ತಾರೆ. ಅಲ್ಲ ಅಂತ ಅವರೇ ಉತ್ತರ ಕೊಡುತ್ತಾರೆ. ಸತ್ತವರು ಯಾಕೆ ಸತ್ತರು ಅಂತ ಅಲ್ಲಿ ವಿವರಿಸುವುದಿಲ್ಲ. ಬದುಕಿರುವವರೇ, ನೀವು ತಿರುಗಿಕೊಳ್ಳಿ ಅನ್ನುತ್ತಾರೆ.

ಆದ್ದರಿಂದ ಇಂಥ ಹೊತ್ತಿನಲ್ಲಿ ಸ್ತುತಿಯ ದನಿ ತಗ್ಗಲಿ. ನನ್ನ ಪ್ರಾರ್ಥನೆ ಕೇಳಿದ, ನನ್ನ ನಂಬಿಕೆ ಗಟ್ಟಿಯಿತ್ತು ಎಂಬ ಮಾತು ಸಾವಿನ ಮನೆಯ ಕಿವಿಗೆ ಬೀಳಬಾರದು. ಮೊದಲು ಆ ಮನೆಗೆ ಹೋಗಿ ಸುಮ್ನೆ ಕೂತು ಬನ್ನಿ. ನಿಮ್ಮ ಕೃತಜ್ಞತಾ ಪೂಜೆಯಲ್ಲಿ ತೀರಿಕೊಂಡವರನ್ನೂ ನೆನೆಯುವಂತೆ ಗುರುಗಳನ್ನು ಕೇಳಿಕೊಳ್ಳಿ. ಅಳುವವರ ಜೊತೆ ಅಳಿರಿ ಎಂಬುದೂ ಸಂತೋಷಪಡುವವರ ಜೊತೆ ಸಂತೋಷಪಡಿರಿ ಎಂಬುದೂ ರೋಮಾಪುರದವರಿಗೆ ಬರೆದ ಪತ್ರದ ಒಂದೇ ವಚನದಲ್ಲಿವೆ. ನನ್ನ ಪರಿಚಯದವರು ಹಾಗೇ ಮಾಡಿದರು. ಅವರ ಪ್ರಶ್ನೆಗೆ ಉತ್ತರ ಸಿಕ್ಕಿತು ಅಂತ ನಾನು ಹೇಳುವುದಿಲ್ಲ.

ಆಮೇಲಿನ ದಿನಗಳು

ಅರಸ ಹಿಜ್ಕೀಯ ಸಾಯುವ ಕಾಯಿಲೆಯಿಂದ ಎದ್ದ. ದೇವರು ಅವನಿಗೆ 15 ವರ್ಷ ಕೂಡಿಸಿ ಕೊಟ್ಟ. ಅವನು ಬರೆದ ಹಾಡು ಯೆಶಾಯ 38ರಲ್ಲಿದೆ, ತುಂಬಾ ಚೆಂದದ ಹಾಡು. ಆದರೆ ಎರಡನೇ ಪೂರ್ವಕಾಲ ವೃತ್ತಾಂತ 32 ಓದಿ. ಹೊಂದಿದ ಉಪಕಾರಕ್ಕೆ ತಕ್ಕಂತೆ ಅವನು ನಡೆಯಲಿಲ್ಲ, ಅವನ ಹೃದಯ ಉಬ್ಬಿತು ಅಂತ ಬರೆದಿದೆ. ಆಮೇಲೆ ತಗ್ಗಿಸಿಕೊಂಡ ಎಂಬುದೂ ಇದೆ. ಹಾಡು ಬರೆದವನೂ ಜಾರಬಹುದು.

ಇನ್ನೊಂದು ಹೆಸರು ಜಾನ್ ನ್ಯೂಟನ್. ಈ ಇಂಗ್ಲಿಷ್ ನಾವಿಕ 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್‌ನ ಬಿರುಗಾಳಿಯಲ್ಲಿ ಸಿಕ್ಕಿಕೊಂಡು, ದೇವರನ್ನು ಕೂಗಿ, ಬದುಕಿದ. ಮುಂದೆ ಪ್ರತಿ ವರ್ಷ ಆ ದಿನವನ್ನು ಪ್ರಾರ್ಥನೆಯಲ್ಲಿ ಕಳೆದ. ಆದರೂ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳಲ್ಲಿ ಕಪ್ತಾನನಾಗಿದ್ದ. ಆ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ, ಬಿರುಗಾಳಿಯಾಗಿ 40 ವರ್ಷಕ್ಕೆ. ನಮ್ಮ ಜಿಲ್ಲೆಯ ಸಿದ್ದಿಗಳ ಹಿರಿಯರನ್ನೂ ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದದ್ದನ್ನು ನೆನೆದರೆ ಈ ಕಥೆ ದೂರದ್ದು ಅನ್ನಿಸುವುದಿಲ್ಲ. ತಾನು ಬಿಡುಗಡೆಯಾದವನು ಇನ್ನೊಬ್ಬರನ್ನು ಕಟ್ಟಿಟ್ಟಿದ್ದಾನಾ? ಈ ಪ್ರಶ್ನೆಯನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಡೆಹಿಡಿದ ಕೂಲಿ, ಮಾತು ಬಿಟ್ಟ ಅಣ್ಣ, ಬೇಲಿ ಸರಿಸಿದ ಜಾಗ, ಏನಾದರೂ ಹೊಳೆಯುತ್ತದೆ. ಅದನ್ನು ಸರಿ ಮಾಡಲು 40 ವರ್ಷ ಕಾಯಬೇಡಿ.

ದಿನದ ಭಕ್ತಿಗೆ ದೊಡ್ಡ ಯೋಜನೆ ಬೇಡ. ತಮ್ಮ ಮಾಡಿದ್ದು ಇಷ್ಟು. ದೋಣಿ ಹತ್ತುವ ಮೊದಲು ಶಿಲುಬೆ ಗುರುತು, ಇಳಿದ ಮೇಲೆ ‘ಸ್ತೋತ್ರ’ ಎಂಬ ಒಂದು ಮಾತು, ರಾತ್ರಿ ಮನೆಯವರ ಜೊತೆ ಜಪಸರ. ಕುಡಿತ ಬಿಟ್ಟ. ಒಮ್ಮೆ ಮತ್ತೆ ಶುರುವಾಯಿತು, ಮತ್ತೆ ಬಿಟ್ಟ. ಹೊಸ ಇಂಜಿನ್ ಜೊತೆಗೆ ಲೈಫ್ ಜಾಕೆಟ್‌ಗಳನ್ನೂ ತಂದ. ಅದನ್ನೂ ನಾನು ಭಕ್ತಿಯಲ್ಲೇ ಸೇರಿಸುತ್ತೇನೆ.

ವರ್ಷಕ್ಕೊಂದು ದಿನ

ಸಮುವೇಲನು ಒಂದು ಕಲ್ಲು ನಿಲ್ಲಿಸಿ ಅದಕ್ಕೆ ಎಬೆನೆಜೆರ್ ಅಂತ ಹೆಸರಿಟ್ಟ. ಇಲ್ಲಿಯವರೆಗೆ ದೇವರು ನಮಗೆ ಸಹಾಯ ಮಾಡಿದ್ದಾನೆ ಅಂದ. ನಿಮ್ಮ ಕಲ್ಲು ಗೋಡೆಯ ಕ್ಯಾಲೆಂಡರ್ ಆಗಬಹುದು. ಹೊಸ ವರ್ಷದ ಕ್ಯಾಲೆಂಡರ್ ಬಂದ ದಿನವೇ ಆ ತಾರೀಕಿಗೆ ಗುರುತು ಹಾಕಿ. ಆ ದಿನ ನೋಟ್‌ಬುಕ್ ತೆಗೆದು ಮನೆಯವರ ಮುಂದೆ ಓದಿ, ಪೂಜೆಗೆ ಹೋಗಿ, ಒಬ್ಬರಿಗಾದರೂ ಊಟ ಹಾಕಿ. ತುಂಬಾ ವರ್ಷ ಮರೆತಿದ್ದರೆ ಈ ವರ್ಷ ಶುರು ಮಾಡಿ. ತಡವಾಯಿತು ಅಂತ ಕೇಳುವವರು ಅಲ್ಲಿ ಯಾರೂ ಇಲ್ಲ.

ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಸೆಪ್ಟೆಂಬರ್ 19ಕ್ಕೆ ಅಮ್ಮ ಕೆಂಪು ಪೆನ್ನಿನಲ್ಲಿ ಪುಟ್ಟ ದೋಣಿ ಬರೆಯುತ್ತಾಳೆ. ಕಳೆದ ವರ್ಷ ಬೆಳಗಿನ ಪೂಜೆಗೆ ತಾಂಡೇಲರು ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹಿಂದಿನ ಬೆಂಚಿನಲ್ಲಿ ಕೈ ಮುಗಿದು ಕೂತಿದ್ದರು. ಪೂಜೆ ಮುಗಿದ ಮೇಲೆ ಹುಡುಗ ಇವರು ಯಾರು ಅಂತ ನನ್ನ ತಮ್ಮನನ್ನು ತೋರಿಸಿ ಕೇಳಿದ. ತಮ್ಮ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮಧ್ಯಾಹ್ನ ಮೂರಕ್ಕೆ ಇಂಜಿನ್ ನಿಂತಿತು ಅಂತ ಶುರು ಮಾಡಿದ.